ಹದಿನೈದನೆಯ ಹೆಸರು

ಪುಟಿಯೋಲಿ,
ಮಾರ್ಚ್ ಮೊದಲ ತಾರೀಖಿಗೆ ಒಂಬತ್ತು ದಿನ ಮುಂಚೆ,
ಕ್ಲಾಡಿಯಸ್ ಸೀಸರರ ನಾಲ್ಕನೆಯ ವರ್ಷ

ನನ್ನ ಕ್ರೇಸ್ತೆಗೆ, ಫಿಲೇರೊಸ್ ಮಾಡುವ ವಂದನೆಗಳು.

ನೀನು ಗಟ್ಟಿಮುಟ್ಟಾಗಿದ್ದೀಯ ಎಂದು ನಿನ್ನ ಕಾಗದದಲ್ಲಿದ್ದ ಬೈಗುಳಗಳಿಂದಲೇ ತಿಳಿಯಿತು. ನಾನೂ ಇದ್ದೇನೆ. ಒಂಬತ್ತು ಹಲ್ಲು ಉಳಿದಿವೆ, ಕಣ್ಣು ಪರವಾಗಿಲ್ಲ, ಎಡಗೈಯ ಆ ಬೆರಳು ಚಳಿಗೆ ನೋಯುತ್ತದೆ. ಮೇಲೆ ತಾರೀಖು ನೋಡಿ ನಿನಗೆ ನಗು ಬಂದಿರಬೇಕು. ಆಯಾ ವರ್ಷ ಅಧಿಕಾರದಲ್ಲಿರುವ ಇಬ್ಬರು ಕಾನ್ಸಲರ ಹೆಸರಿನಿಂದಲೇ ವರ್ಷವನ್ನು ಗುರುತಿಸಬೇಕು, ಸೀಸರರ ಎಷ್ಟನೆಯ ವರ್ಷ ಎಂದು ಬರೆಯುವವರು ಸೋಮಾರಿಗಳು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನೇ ಅಲ್ಲವೆ? ಇವತ್ತು ಲೇಖನಿ ಹಿಡಿದು ಬಹಳ ಹೊತ್ತು ಕೂತೆ. ಇಬ್ಬರಲ್ಲಿ ಒಬ್ಬರ ಹೆಸರೂ ಬರಲಿಲ್ಲ. ಕೆಳಗೆ ಮೀನುಸಾರದ ಅಂಗಡಿಯವನನ್ನು ಕೇಳಿದರೆ, "ಯಾರಾದ್ರೇನಜ್ಜ? ಸೀಸರ್ ಇದಾರಲ್ಲ, ಅವರನ್ನೇ ಬರ್ಕೊ" ಎಂದ. ಬರೆದುಕೊಂಡೆ.

ಹತ್ತು ವರ್ಷದ ಮೇಲೆ ನಿನ್ನ ಕೈಬರಹ ನೋಡಿದೆ. ಹೂಮಾಲೆ ಕಟ್ಟುವವರ ಸಂಘದವರು ರೋಮಿನ ದಕ್ಷಿಣದ ಹೆದ್ದಾರಿಯ ಪಕ್ಕ ಸಮಾಧಿಮನೆ ಕಟ್ಟಿಸಿದ್ದಾರೆ, ನಿನ್ನ ಪಾಲಿಗೆ ಬೂದಿಯ ಮಡಕೆ ಇಡುವ ಎರಡು ಗೂಡು ಅಕ್ಕಪಕ್ಕದಲ್ಲಿ ಬಂದಿವೆ, ಒಂದರ ಕೆಳಗೆ ನಿನ್ನ ಹೆಸರಿನ ಕಲ್ಲು ಕೂತಿದೆ, ಇನ್ನೊಂದರ ಕೆಳಗೆ ನನ್ನ ಹೆಸರು ಕೆತ್ತಿಸಲೇ ಎಂದು ಕೇಳಿದ್ದೀಯ. ಕಲ್ಲುಕುಟಿಗ ಮಾರ್ಚ್ ಮೊದಲ ತಾರೀಖಿನ ತನಕ ಕಾಯುತ್ತಾನೆ, ಆಮೇಲೆ ಆ ಗೂಡು ಸಂಘದ ಬೇರೆಯವರಿಗೆ ಹೋಗುತ್ತದೆ ಎಂದೂ ಬರೆದಿದ್ದೀಯ. ಕೊನೆಗೆ, "ಚಿತ್ರಹಿಂಸೆಗೆ ಬಾಯಿಬಿಟ್ಟವನ ಮೇಲೆ ಎಷ್ಟು ವರ್ಷ ಅಂತ ಮುನಿಸ್ಕೊಂಡಿರ್ಲಿ? ನಿನ್ನ ಬೂದಿ ಆ ಮೀನು ನಾರೋ ಊರಲ್ಲಿ ಬೀಳೋದು ಬೇಡ, ಬಂದ್ಬಿಡು ಮಾರಾಯ" ಎಂದಿದ್ದೀಯ. ಆ ಸಾಲನ್ನು ದಿನಕ್ಕೆ ಮೂರು ಸಲ ಓದುತ್ತಿದ್ದೇನೆ.

ನನಗೆ ಎಷ್ಟು ಆಸೆಯಾಯಿತು ಎಂದು ಹೇಳಲಾರೆ. ದಾರಿಯಲ್ಲಿ ಹೋಗುವವರು ಸಮಾಧಿಮನೆಯಲ್ಲಿ ನಿಂತು ಕಲ್ಲಿನ ಮೇಲಿನ ಅಕ್ಷರ ಜೋರಾಗಿ ಓದುತ್ತಾರೆ, ಹಾಗೆ ಓದಿದಾಗಲೆಲ್ಲ ಒಳಗಿರುವವನು ಒಂದು ಸಲ ಉಸಿರಾಡುತ್ತಾನೆ ಎಂದು ನಾವೆಲ್ಲ ನಂಬಿದ್ದೇವೆ. ನಲವತ್ತು ವರ್ಷ ಬೇರೆಯವರ ಹೆಸರು ಹೇಳಿಯೇ ಹೊಟ್ಟೆ ಹೊರೆದವನು ನಾನು. ನನ್ನ ಹೆಸರನ್ನು ಯಾರೋ ಅಪರಿಚಿತ ನಿಂತು ಓದುವುದು, ಅದೂ ನಿನ್ನ ಹೆಸರಿನ ಜೊತೆಗೆ! ಕಾಗದ ಬಂದ ದಿನವೇ ಹೌದು ಎಂದು ಬರೆಯಬೇಕಿತ್ತು. ಹತ್ತು ದಿನ ತಡವಾಗಿದ್ದಕ್ಕೆ ಒಂದು ಕಾರಣವಿದೆ, ಕೇಳು.

ಇಲ್ಲಿ ಹೆರ್ಮೇರೊಸ್ ಎಂಬ ಧಾನ್ಯದ ಸಾಹುಕಾರನ ಮನೆಯಲ್ಲಿ ನನಗೆ ಕೆಲಸ. ಔತಣಕ್ಕೆ ಬಂದವರ ಹೆಸರನ್ನು ಬಾಗಿಲಲ್ಲಿ ಕೂಗಿ ಒಳಗೆ ಬಿಡಬೇಕು. ರೋಮಿನ ಹಳೆಯ ಮನೆತನದಲ್ಲಿ ಯಜಮಾನನ ಕಿವಿಗೆ ಹೆಸರು ಹೇಳುವ ಹೆಸರುಗಾರನಾಗಿದ್ದವನು ತನ್ನ ಬಾಗಿಲಲ್ಲಿದ್ದಾನೆ ಎಂದು ಅವನಿಗೆ ಹೆಮ್ಮೆ. ನಿನ್ನ ಕಾಗದ ಬಂದ ಮರುದಿನ ಅವನ ಮನೆಯಲ್ಲಿ ಊಟವಿತ್ತು. ಬೋಳು ತಲೆಯ, ಬಲಗೆನ್ನೆಯ ಮೇಲೆ ಮಚ್ಚೆಯ ಒಬ್ಬರು ಬಂದು ನಿಂತರು. ಇಪ್ಪತ್ತು ಸಲ ನೋಡಿದ ಮುಖ. ಹೆಸರು ಬರಲಿಲ್ಲ. ಆಗ ನನ್ನ ಎಡ ಭುಜದ ಹಿಂದೆ, ನಾನು ನಮ್ಮ ಯಜಮಾನರ ಹಿಂದೆ ನಿಲ್ಲುತ್ತಿದ್ದ ಅಷ್ಟೇ ದೂರದಲ್ಲಿ, ಯಾರೋ ನಿಂತು ಒಂದು ಹೆಸರು ಪಿಸುಗುಟ್ಟಿದರು. ಆ ಕಸುಬಿನವನಿಗೆ ಪಿಸುಮಾತಿನ ಮೇಲೆ ಅನುಮಾನ ಬರುವುದಿಲ್ಲ. ಕೇಳಿದ ಹೆಸರನ್ನೇ ಕೂಗಿಬಿಟ್ಟೆ. ಅದು ಬಂದವರ ಹೆಸರಾಗಿರಲಿಲ್ಲ. ನಿನ್ನನ್ನು ದಾಸ್ಯದಿಂದ ಬಿಡಿಸಿ ಮಗಳ ಹಾಗೆ ನೋಡಿಕೊಂಡರಲ್ಲ, ನಿನ್ನ ಮುದುಕರು, ಅವರ ಹೆಸರು.

ಒಳಗಿದ್ದವರು ಗೊಳ್ಳೆಂದು ನಕ್ಕರು. ಅಲ್ಲಿದ್ದ ಒಂದಿಬ್ಬರಿಗೆ ಆ ಹೆಸರು ಗೊತ್ತಿತ್ತು. ಹೆರ್ಮೇರೊಸ್, "ಏನಯ್ಯಾ ಇದು, ಸತ್ತೋರನ್ನೆಲ್ಲ ಊಟಕ್ಕೆ ಕರೀತಿದೀಯಾ? ಒರಗಿ ಉಣ್ಣಕ್ಕೆ ಇನ್ನೊಂದು ಮಂಚ ಹಾಕಿಸ್ಲಾ?" ಎಂದ. ನಾನು ತಿರುಗಿ ನೋಡಿದೆ. ಗೋಡೆ ಮಾತ್ರ ಇತ್ತು. ಅವತ್ತಿನಿಂದ ನಿನ್ನ ಮುದುಕರು ಅಲ್ಲಿಂದ ಹೋಗಿಲ್ಲ ಕ್ರೇಸ್ತೆ. ಹಗಲು ಹೊತ್ತಿನಲ್ಲೇ ನಿಲ್ಲುತ್ತಾರೆ. ಬಂದರಿನಲ್ಲಿ, ಬ್ರೆಡ್ಡಿನಂಗಡಿಯಲ್ಲಿ, ಸ್ನಾನದ ಮನೆಯ ಹಬೆಯಲ್ಲಿ, ಎಡ ಭುಜದ ಹಿಂದೆ. ಬೈಯುವುದಿಲ್ಲ, ಏನನ್ನೂ ಕೇಳುವುದಿಲ್ಲ. ನಾನು ಯಾರದಾದರೂ ಹೆಸರು ಮರೆತು ತಡವರಿಸಿದಾಗ ತಮ್ಮದನ್ನು ಕೊಡುತ್ತಾರೆ. ಹೆದರಿಕೆಯಾಗುತ್ತದೆ ಎಂದು ಬರೆಯಲು ನಾಚಿಕೆಯಿಲ್ಲ ನನಗೆ.

ಬೇರೆ ಹೆಸರುಗಳು ಉದುರುತ್ತಿವೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೇ ಮತ್ತೊಮ್ಮೆ ಬರೆಯುತ್ತೇನೆ, ನನ್ನಲ್ಲಿ ಏನು ಉಳಿದಿದೆ ಎಂದು ನನಗೂ ತಿಳಿಯಲಿ. ಬೇಜಾರಾದರೆ ಹೂ ಕಟ್ಟುತ್ತಾ ಓದು.

ನಮ್ಮ ಯಜಮಾನ ವೆಟ್ಟೇನಸ್ ಮೊದಲ ಸಲ ಚುನಾವಣೆಗೆ ನಿಂತಾಗ ನನಗೆ ಇಪ್ಪತ್ತು ತುಂಬಿರಲಿಲ್ಲ. ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಟೋಗ ತೊಟ್ಟು ಅವರು ಮುಂದೆ, ಅವರ ಎಡ ಭುಜದ ಹಿಂದೆ ಅವರ ಗುಲಾಮನಾದ ನಾನು. ಎದುರು ಬಂದವನ ಹೆಸರು, ಅವನು ಓಟು ಹಾಕುವ ಪಂಗಡ, ಕೇಳಬೇಕಾದ ಒಂದು ಕುಶಲ, ಈ ಮೂರನ್ನೂ ಅವನು ಹತ್ತಿರ ಬರುವುದರೊಳಗೆ ಯಜಮಾನರ ಕಿವಿಗೆ ಹಾಕಬೇಕು. "ಮೇಮಿಯಸ್ ಫೌಸ್ತುಸ್. ಸುಬುರಾ ಪಂಗಡ. ಮಗಳ ಮದುವೆ ಆಯ್ತಾ ಕೇಳಿ." ತಕ್ಷಣ ಯಜಮಾನರು ಆ ಕಟುಕನ ಎರಡೂ ಕೈ ಹಿಡಿದು, "ಏನಪ್ಪಾ ಫೌಸ್ತುಸ್, ಮಗಳ ಮದ್ವೆ ಆಯ್ತಾ? ನಮ್ಮನ್ನ ಕರೀಲೇ ಇಲ್ಲ!" ಎನ್ನುತ್ತಿದ್ದರು. ಅವನ ಮುಖ ಅರಳುತ್ತಿದ್ದುದನ್ನು ನೀನು ನೋಡಬೇಕಿತ್ತು. ಮೂರು ಸಾವಿರದ ಇನ್ನೂರು ಹೆಸರು ನನ್ನ ತಲೆಯಲ್ಲಿದ್ದವು, ಅಷ್ಟೂ ಮೊಣಕಾಲು ನೋವುಗಳು, ಅಷ್ಟೂ ಮದುವೆಗಳು. ಒಂದೇ ಒಂದನ್ನು ಬಿಟ್ಟರೂ ನನಗೆ ಅವತ್ತು ಅನ್ನ ಸೇರುತ್ತಿರಲಿಲ್ಲ.

ಆ ವರ್ಷ ಅಗಸ್ಟಸ್ ಸೀಸರರೂ ತಮ್ಮ ಕಡೆಯ ಉಮೇದುವಾರರನ್ನು ಕರೆದುಕೊಂಡು, ನಮ್ಮ ಹಾಗೆಯೇ, ಪಂಗಡದಿಂದ ಪಂಗಡಕ್ಕೆ ಸುತ್ತಿ ಓಟು ಕೇಳಿದರು. ತಮ್ಮ ಪಂಗಡದವರ ಜೊತೆ ನಿಂತು ತಾವೂ ಓಟು ಹಾಕಿದರು. ದೂರದಿಂದ ನೋಡಿದೆ. ಸೈನ್ಯವೆಲ್ಲ ಅವರ ಕೈಯಲ್ಲಿತ್ತು, ಯಾರೂ ಅವರ ಮಾತು ಮೀರುತ್ತಿರಲಿಲ್ಲ, ಆದರೂ ಬಂದು ಕೇಳುತ್ತಿದ್ದರು. ಸೆನೆಟ್ಟಿನಲ್ಲಿ ಪ್ರತಿಯೊಬ್ಬರನ್ನೂ ಹೆಸರುಗಾರನಿಲ್ಲದೆ ಹೆಸರು ಹಿಡಿದು ಮಾತಾಡಿಸುತ್ತಾರಂತೆ ಎಂದು ಕೇಳಿ ನಮ್ಮ ಕಸುಬಿನವರಿಗೆಲ್ಲ ಹೊಟ್ಟೆಕಿಚ್ಚು. ಅದೆಲ್ಲ ನಾಟಕ ಎಂದು ಯಜಮಾನರು ಮನೆಗೆ ಬಂದು ಗೊಣಗುತ್ತಿದ್ದರು. ನಾಟಕವೇ ಇರಬಹುದು. ಆದರೆ ಅದರಲ್ಲಿ ಕಟುಕ ಫೌಸ್ತುಸನಿಗೂ ಒಂದು ಮಾತಿತ್ತು, ನನಗೂ ಒಂದು ಜಾಗವಿತ್ತು.

ಅಗಸ್ಟಸ್ ಸೀಸರರಿಗೆ ವಯಸ್ಸಾಯಿತು. ಸುತ್ತುವುದನ್ನು ಬಿಟ್ಟು, ಇಂಥವರಿಗೆ ಓಟು ಹಾಕಿದರೆ ಒಳ್ಳೆಯದು ಎಂದು ಹಲಗೆಯ ಮೇಲೆ ಬರೆಸಿ ನಿಲ್ಲಿಸತೊಡಗಿದರು. ಅವರು ತೀರಿಕೊಂಡ ವರ್ಷ ಟಿಬೇರಿಯಸ್ ಸೀಸರರ ಕಾಲ ಶುರುವಾಗಿ, ಚುನಾವಣೆಯನ್ನು ಬಯಲಿನಿಂದ ಸೆನೆಟ್ಟಿನ ಒಳಗೆ ಒಯ್ದರು. ಇನ್ನು ಮೇಲೆ ಆರುನೂರು ಜನ ತಮ್ಮತಮ್ಮಲ್ಲೇ ಆರಿಸಿಕೊಳ್ಳುತ್ತಾರೆ. ದಂಗೆ ಏಳಲಿಲ್ಲ, ಒಂದು ಕಲ್ಲು ಕೂಡ ಬೀಳಲಿಲ್ಲ. ಯಜಮಾನರಿಗೆ ಒಳಗೊಳಗೇ ಸಂತೋಷ, ಇನ್ನು ಕಟುಕರ ಕೈ ಹಿಡಿಯುವ ಗೋಜಿಲ್ಲ. ಒಂದು ತಿಂಗಳಾದ ಮೇಲೆ ಫೌಸ್ತುಸ್ ಸಿಕ್ಕಿ, "ಓಟು ಹೋದ್ರೆ ಹೋಗ್ಲಿ ಕಣಯ್ಯಾ. ಇನ್ನು ನನ್ ಮಗಳ ವಿಷ್ಯ ಯಾರು ಕೇಳ್ತಾರೆ?" ಎಂದ.

ಟಿಬೇರಿಯಸ್ ಸೀಸರರು ತಮ್ಮನ್ನು ಒಡೆಯ ಎಂದು ಕರೆಯಲು ಬಿಡುತ್ತಿರಲಿಲ್ಲ, ದೇವಸ್ಥಾನ ಬೇಡ ಎನ್ನುತ್ತಿದ್ದರು, ಎಲ್ಲವನ್ನೂ ಸೆನೆಟ್ಟೇ ತೀರ್ಮಾನಿಸಲಿ ಎನ್ನುತ್ತಿದ್ದರು. ಸೆನೆಟ್ಟಿನವರು ಅವರ ಹುಬ್ಬು ನೋಡಿ ತೀರ್ಮಾನಿಸುತ್ತಿದ್ದರು. ಆಮೇಲೆ ಅವರು ಕಾಪ್ರಿ ದ್ವೀಪಕ್ಕೆ ಹೋಗಿ ಕೂತರು. ಇನ್ನು ನೋಡಲು ಹುಬ್ಬೂ ಇಲ್ಲ, ಕಾಗದ ಮಾತ್ರ ಬರುತ್ತಿತ್ತು. ನನ್ನ ಕೆಲಸವೂ ಬದಲಾಯಿತು. ಬೆಳಿಗ್ಗೆ ನಮಸ್ಕಾರಕ್ಕೆ ಬರುವವರ ಹೆಸರು ಹೇಳಹೋದರೆ ಯಜಮಾನರು, "ಹೆಸರು ನಂಗೂ ಗೊತ್ತು ಕಣಯ್ಯಾ. ನಿನ್ನೆ ಯಾರ ಮನೆಗೆ ಹೋಗಿದ್ದ, ಅದನ್ನ ಹೇಳು" ಎನ್ನುತ್ತಿದ್ದರು. ಮೊಣಕಾಲು ನೋವು, ಮಗಳ ಮದುವೆ ಯಾರಿಗೂ ಬೇಡವಾಯಿತು. ಯಾರು ಯಾರ ಹೊಸಿಲು ದಾಟಿದರು ಎಂಬುದಷ್ಟೇ ಬೇಕಾಯಿತು, ಅದನ್ನೂ ನಾನು ಒಂದೂ ಬಿಡದೆ ನೆನಪಿಟ್ಟುಕೊಂಡೆ.

ಆ ದಿನಗಳಲ್ಲೇ ಅಲ್ಲವೆ ನೀನು ಸಿಕ್ಕಿದ್ದು? ಯಜಮಾನರ ಮನೆಗೆ ಮಾಲೆ ತಂದುಕೊಡುತ್ತಿದ್ದೆ. "ಊರವರ ಹೆಸರೆಲ್ಲ ಗೊತ್ತಂತೆ, ನನ್ನ ಹೆಸರು ಹೇಳು ನೋಡೋಣ" ಎಂದು ಕೆಣಕಿದೆ. ನಾನು ಹೇಳಿದೆ, ನಿನ್ನನ್ನು ಬಿಡುಗಡೆ ಮಾಡಿದವರ ಮನೆತನದ ಹೆಸರನ್ನೂ ಸೇರಿಸಿ. ಮದುವೆಯಾದ ಮೇಲೆ ಅದೇ ಬಾಯಿಂದ, "ಸಾವಿರ ಜನರ ಹೆಸರು ಗೊತ್ತು, ಹೆಂಡ್ತಿ ತರಕ್ಕೆ ಹೇಳಿದ ಸೊಪ್ಪಿನ ಹೆಸರು ಮಾತ್ರ ಮರೆತು ಬರ್ತಾನೆ" ಎಂದು ಬೈಸಿಕೊಂಡೆ. ನಿನ್ನ ಮುದುಕರು ಕುಂಟುತ್ತಾ ನಮ್ಮ ಕೋಣೆಯ ಮಹಡಿ ಹತ್ತಿ ಬಂದು ಜಗಳ ಬಿಡಿಸುತ್ತಿದ್ದರು. ಅವರಷ್ಟು ರಾಜಕೀಯ ಗೊತ್ತಿಲ್ಲದ ಮನುಷ್ಯನನ್ನು ನಾನು ರೋಮಿನಲ್ಲಿ ನೋಡಿಲ್ಲ.

ಅಂಜೂರ ಹಣ್ಣಾಗುವ ಕಾಲ. ನಿನಗೆ ಜ್ವರ. ರೋಮಿನಲ್ಲಿ ಕಾವಲುಪಡೆಯ ದಂಡನಾಯಕನೇ ಇನ್ನೊಬ್ಬ ಸೀಸರನಂತಾಗಿದ್ದ, ಅವನ ಕಣ್ಣಿಗೆ ಬೀಳಲು ದೊಡ್ಡವರೆಲ್ಲ ಒದ್ದಾಡುತ್ತಿದ್ದರು. ಒಂದು ಬೆಳಿಗ್ಗೆ ನಮ್ಮ ಯಜಮಾನರ ಅಂಗಳದಲ್ಲಿ ಅಂಥವರು ಸೇರಿದ್ದರು, ಯಜಮಾನರು ಅವರನ್ನು ಅವನ ಮನೆಗೆ ಕರೆದೊಯ್ಯುವವರಿದ್ದರು. ಅದೇ ಬೆಳಿಗ್ಗೆ ನಿನ್ನ ಮುದುಕರೂ ಬಂದರು, ಕೈಯಲ್ಲಿ ಅಂಜೂರದ ಬುಟ್ಟಿ. "ಹುಡುಗಿಗೆ ಕೊಡಯ್ಯಾ. ಜ್ವರದ ಬಾಯಿಗೆ ರುಚಿಯಾಗುತ್ತೆ" ಎಂದು ನನ್ನ ಕೈಗಿಟ್ಟು, ಕಂಬಕ್ಕೆ ಒರಗಿ ಸ್ವಲ್ಪ ದಣಿವಾರಿಸಿಕೊಂಡು ಹೋದರು. ಯಜಮಾನರ ಜೊತೆ ಮಾತು ಕೂಡ ಆಡಲಿಲ್ಲ. ನೀನು ಮೂರು ಹಣ್ಣು ತಿಂದೆ.

ಮುಂದಿನ ತಿಂಗಳು ದ್ವೀಪದಿಂದ ಸೆನೆಟ್ಟಿಗೆ ಆ ಕಾಗದ ಬಂತು. ದಂಡನಾಯಕನಿಗೆ ಹೊಸ ಪದವಿ ಸಿಗುತ್ತದೆ ಎಂದು ಎಲ್ಲರೂ ಅವನ ಪಕ್ಕದಲ್ಲಿ ಕೂರಲು ಮುಗಿಬಿದ್ದರು. ಕಾಗದ ಉದ್ದವಾಗಿತ್ತಂತೆ. ಅಲ್ಲಿ ಇಲ್ಲಿ ಸುತ್ತಿ, ಒಂದು ಮಾತು ಅದರ ಬಗ್ಗೆ, ಒಂದು ಮಾತು ಇದರ ಬಗ್ಗೆ. ಓದುತ್ತಾ ಹೋದ ಹಾಗೆ ಪಕ್ಕದಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ದೂರ ಕೂತರು. ಕೊನೆಯ ಸಾಲಿನಲ್ಲಿ ಅವನನ್ನು ಹಿಡಿದು ಕಟ್ಟಿ ಎಂದಿತ್ತು. ಅವತ್ತು ಸಂಜೆಗೆ ಅವನಿರಲಿಲ್ಲ, ಮರುದಿನದಿಂದ ಅವನ ಗೆಳೆಯರ ಬೇಟೆ.

ಮುಂದಿನದು ನಿನಗೆ ಗೊತ್ತು. ನನ್ನನ್ನು ಕರೆದೊಯ್ದರು. ಯಜಮಾನನ ವಿರುದ್ಧ ಅವನ ಗುಲಾಮನನ್ನು ಹಿಂಸಿಸಿ ಕೇಳಬಾರದು ಎಂದು ಹಳೆಯ ಕಾನೂನು, ಅದಕ್ಕೆ ಗುಲಾಮನನ್ನು ಮೊದಲು ಖಜಾನೆಯ ಹೆಸರಿಗೆ ಕೊಂಡುಕೊಂಡು ಆಮೇಲೆ ಕೇಳುವ ಉಪಾಯ ಆ ಕಾಲದಲ್ಲಿ ಬಳಕೆಗೆ ಬಂದಿತ್ತು. ಅಂಜೂರ ಬಂದ ಆ ಬೆಳಿಗ್ಗೆ ಹೊಸಿಲು ದಾಟಿದ ಹದಿನೈದು ಜನರ ಹೆಸರು ಹೇಳಿ ಬಂದೆ. ಮುರಿದ ಬೆರಳಿನ ಜೊತೆ ಬಂದೆ. ನೀನು ದ್ರಾಕ್ಷಾರಸದಲ್ಲಿ ತೊಳೆದು, ಎಣ್ಣೆ ಹಚ್ಚಿ, ಕಡ್ಡಿ ಕಟ್ಟಿದೆ. ತಿಂಗಳೊಳಗೆ ಯಜಮಾನರು ನನ್ನನ್ನು ಬಿಡುಗಡೆ ಮಾಡಿದರು. ಇವನು ಪಟ್ಟ ಪಾಡಿಗೆ ಮರುಗಿ ಬಿಟ್ಟರು ಎಂದು ನೆರೆಹೊರೆಯವರಿಗೆಲ್ಲ ಹೇಳಿಕೊಂಡು ಬಂದವಳು ನೀನು.

ನಿನ್ನ ಮುದುಕರನ್ನೂ ಸೇರಿಸಿ ಆ ಹದಿನೈದು ಜನರನ್ನು ಎರಡು ವರ್ಷ ಸೆರೆಯಲ್ಲಿಟ್ಟು, ಒಂದು ದಿನ ಎಲ್ಲರನ್ನೂ ಒಟ್ಟಿಗೆ ಕೊಂದು ಟೈಬರ್ ನದಿಗೆ ಎಸೆದರು. ಯಾರು ಅಳುತ್ತಾರೆ ಎಂದು ನೋಡಲು ದಂಡೆಯಲ್ಲಿ ಕಾವಲಿನವರು ನಿಂತಿದ್ದರು. ನೀನು ಅಳದೆ, ಹೂ ಮಾರುವವಳ ಹಾಗೆ ಬುಟ್ಟಿ ಹಿಡಿದು ದಂಡೆಯಲ್ಲೇ ಕೊನೆಯವರೆಗೆ ನಡೆದೆ. ನಿನ್ನ ಮುದುಕರ ದೇಹ ಸಿಗಲಿಲ್ಲ. ಮರುವರ್ಷ ಪಿತೃಗಳ ಹಬ್ಬದಲ್ಲಿ ಅವರ ಹೆಸರನ್ನು ಮೂರು ಸಲ ಕರೆಯೋಣ, ನೀನೂ ಜೊತೆಗೆ ಹೇಳು ಎಂದವಳು ನೀನು. ನನ್ನ ಬಾಯಿಂದ ಬರಲಿಲ್ಲ. ನಾನು ಎದ್ದು ಹೊರಗೆ ಹೋದೆ. ಬಂದು ನೋಡಿದಾಗ ನೀನು ಗಂಟುಮೂಟೆ ಕಟ್ಟಿದ್ದೆ. "ಹಿಂಸೆಗೆ ಹೆಸರು ಹೇಳ್ದೆ, ಅದು ಅರ್ಥವಾಗುತ್ತೆ. ಈಗ ಯಾರೂ ಹೊಡೀತಿಲ್ವಲ್ಲ, ಈಗ ಯಾಕೆ ಹೇಳಲ್ಲ?" ಎಂದು ಕೇಳಿ ಹೋದೆ.

ನಾನು ರೋಮ್ ಬಿಟ್ಟು ಈ ಊರಿಗೆ ಬಂದೆ. ಆಮೇಲೆ ಮೂರನೆಯ ಸೀಸರ್ ಗಾಯಸ್ ಬಂದ. ಬಂದ ಹೊಸತರಲ್ಲಿ ಚುನಾವಣೆಯನ್ನು ಮತ್ತೆ ಜನರಿಗೆ ಕೊಡುತ್ತೇನೆ ಎಂದ. ನಾನು ಐವತ್ತು ದಾಟಿದವನು, ಮದುವಣಿಗನ ಹಾಗೆ ಕ್ಷೌರ ಮಾಡಿಸಿಕೊಂಡು ಇಲ್ಲಿಂದ ರೋಮಿಗೆ ಓಡಿದೆ. ಒಬ್ಬ ಉಮೇದುವಾರ ನನ್ನನ್ನು ಬಾಡಿಗೆಗೆ ಹಿಡಿದ. ಬಯಲಿನಲ್ಲಿ ಅವನ ಎಡ ಭುಜದ ಹಿಂದೆ ನಿಂತೆ. ಎದುರು ಬಂದ ಮುಖಗಳಿಗೆ ಹೆಸರು ಹೇಳುತ್ತಾ ಹೋದೆ. "ಫೌಸ್ತುಸ್, ಸುಬುರಾ" ಎಂದೆ. ಬಂದವನು, "ಅದು ನಮ್ಮಪ್ಪ, ತೀರ್ಕೊಂಡು ಹದಿನೆಂಟು ವರ್ಷ ಆಯ್ತು" ಎಂದ. ಮುಂದಿನವನೂ ಹಾಗೇ. ನಾನು ಹೇಳುತ್ತಿದ್ದುದೆಲ್ಲ ಸತ್ತವರ ಹೆಸರು. ಒಬ್ಬ ಮುದಿ ಅಗಸ ನನ್ನನ್ನು ಪಕ್ಕಕ್ಕೆಳೆದು, "ಯಾರಿಗೆ ಹಾಕ್ಬೇಕು ಅಂತ ಮೇಲಿಂದ ಹೇಳಿದಾರೇನಪ್ಪಾ?" ಎಂದು ಕೇಳಿದ. ಹೇಳಿಲ್ಲ, ನೀನೇ ಆರಿಸಬೇಕು ಎಂದೆ. "ಅಯ್ಯಯ್ಯೋ, ಹಂಗಾದ್ರೆ ನಾನು ಮನೆಗೋಗ್ತೀನಿ" ಎಂದು ನಿಜವಾಗಿಯೂ ಹೋದ.

ಕೊಟ್ಟದ್ದನ್ನು ಗಾಯಸ್ ಬಹಳ ದಿನ ಬಿಡಲಿಲ್ಲ, ವಾಪಸ್ ತೆಗೆದುಕೊಂಡ. ಆಮೇಲೆ ಅವನಿಗೆ ಸೆನೆಟರುಗಳು ಪಾದಕ್ಕೆ ಮುತ್ತಿಡುವುದು ಬೇಕಾಯಿತು, ದೇವರೆನಿಸಿಕೊಳ್ಳುವುದು ಬೇಕಾಯಿತು. ನಮ್ಮ ಕೊಲ್ಲಿಯ ಉದ್ದಕ್ಕೂ ಹಡಗುಗಳನ್ನು ಕಟ್ಟಿ ನಿಲ್ಲಿಸಿ, ಅದರ ಮೇಲೆ ಕುದುರೆ ಓಡಿಸಿದ. ಅವನನ್ನು ಕೊಂದ ಮೇಲೆ ಎರಡು ದಿನ ಸೆನೆಟ್ಟು ಒಬ್ಬನ ಆಳ್ವಿಕೆಯೇ ಬೇಡ ಎಂದು ಭಾಷಣ ಮಾಡಿತು. ಹೊರಗೆ ನಿಂತ ಜನವೇ, ಮಾತು ಸಾಕು, ನಮಗೊಬ್ಬ ಸೀಸರ್ ಕೊಡಿ ಎಂದು ಕೂಗಿದರಂತೆ. ಅಷ್ಟರಲ್ಲಿ ಶಿಬಿರದಲ್ಲಿ ಸೈನಿಕರು ಒಂದು ಹೆಸರು ಕೂಗಿಯಾಗಿತ್ತು, ಈಗಿನ ಕ್ಲಾಡಿಯಸ್ ಸೀಸರರದ್ದು. ನಾನು ಕಟುಕರ ಬಾಯಲ್ಲಿ, ಅಗಸರ ಬಾಯಲ್ಲಿ ಹುಡುಕುತ್ತಿದ್ದುದನ್ನು ಅವರು ಒಂದು ಮಧ್ಯಾಹ್ನದಲ್ಲಿ ಮುಗಿಸಿದರು.

ಈಗಿನವರನ್ನು ದೂರುವುದಿಲ್ಲ. ದೇಶದ್ರೋಹದ ಆ ಖಟ್ಲೆಗಳನ್ನು ನಿಲ್ಲಿಸಿದ್ದಾರೆ, ಸತ್ತವರ ಹೆಸರು ಹೇಳಿದರೆ ಈಗ ಯಾರೂ ಹಿಡಿಯುವುದಿಲ್ಲ. ಆ ಕಾಲದ ವಿಚಾರಣೆಯ ಕಾಗದಗಳನ್ನೂ ಸುಡಿಸಿದರಂತೆ. ಯಾರು ಏನು ಹೇಳಿದರು ಎಂದು ತೋರಿಸುವ ಒಂದು ಚೂರೂ ಈಗ ಎಲ್ಲೂ ಇಲ್ಲ.

ಇವತ್ತು ಪಿತೃಗಳ ಹಬ್ಬದ ಕೊನೆಯ ದಿನ. ನಿನಗೆ ನೇರಳೆ ಹೂ ಕಟ್ಟಿ ಕಟ್ಟಿ ಬೆರಳು ಸವೆದಿರುತ್ತವೆ. ನಾನು ಬೆಳಿಗ್ಗೆ ದಂಡೆಗೆ ಹೋಗಿ, ಮಡಕೆಯ ಚೂರಿನ ಮೇಲೆ ದ್ರಾಕ್ಷಾರಸದಲ್ಲಿ ನೆನೆಸಿದ ಬ್ರೆಡ್ಡು, ಉಪ್ಪು, ನಾಲ್ಕು ಹೂ ಇಟ್ಟು ಬಂದೆ. ಯಾರ ಹೆಸರನ್ನೂ ಹೇಳಲಿಲ್ಲ. ಹಿಂದೆ ನಿಂತವರು ಕಾದರು, ಆಮೇಲೆ ನನ್ನ ಜೊತೆಗೇ ಮನೆಗೆ ಬಂದರು.

ನಿನ್ನ ಪ್ರಶ್ನೆಗೆ ಉತ್ತರ ಹೌದು. ಕಲ್ಲುಕುಟಿಗನಿಗೆ ಹೇಳಿಬಿಡು. ಹೆಸರಿನ ಜೊತೆ ಕಸುಬನ್ನೂ ಕೆತ್ತಲಿ, ಜಾಗ ಸಾಕಾದರೆ. ದಾರಿ ಒಣಗಿದ ಕೂಡಲೇ ಹೊರಟು ಬರುತ್ತೇನೆ. ಮೈ ನೋಡಿಕೋ. ತಂಪಿನಲ್ಲಿ ಹೆಚ್ಚು ಹೊತ್ತು ಕೂರಬೇಡ.

ಇಂದಿಗೂ ನಿನ್ನವನೇ ಆದ
ಫಿಲೇರೊಸ್

ಮರೆತ ಮಾತು:

ಕಾಗದ ಸುತ್ತಿ ದಾರ ಕಟ್ಟಿ ಅರಗು ಕಾಯಿಸಿದ್ದೆ. ಬಿಚ್ಚಿದ್ದೇನೆ. ಹೌದು ಎಂದದ್ದನ್ನು ಅಳಿಸಿಬಿಡು.

ನನ್ನನ್ನು ಯಾರೂ ಹಿಂಸಿಸಲಿಲ್ಲ ಕ್ರೇಸ್ತೆ. ಯಾರೂ ಮುಟ್ಟಲಿಲ್ಲ. ಖಜಾನೆಗೆ ಕೊಂಡುಕೊಳ್ಳಲೂ ಇಲ್ಲ. ಕೂರಲು ಸ್ಟೂಲು ಕೊಟ್ಟರು, ಕುಡಿಯಲು ನೀರು ಕೊಟ್ಟರು. ಯಜಮಾನರು ತಾವು ಉಳಿದುಕೊಳ್ಳಲು ಮೊದಲೇ ಒಂದು ಪಟ್ಟಿ ಬರೆದುಕೊಟ್ಟಿದ್ದರು, ಅವರೂ ಅಲ್ಲೇ ಕೂತಿದ್ದರು. ಪಟ್ಟಿ ಸರಿಯಿದೆ ಎಂದು ನಾನು ಹೇಳಿದರೆ ಸಾಕಿತ್ತು. ಗುಮಾಸ್ತನಿಗೆ ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಾ ಓದಿದ. ಹದಿನಾಲ್ಕು ಹೆಸರು. "ಇಷ್ಟೇ ತಾನೆ?" ಎಂದ.

ನಾನು "ಹದಿನೈದು" ಎಂದೆ.

ಹೆದರಿ ಹೇಳಲಿಲ್ಲ, ಆಸೆಗೆ ಹೇಳಲಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು, ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ, ಅಷ್ಟೇ. ಹೆಸರು, ಪಂಗಡ ಎರಡನ್ನೂ ಹೇಳಿದೆ. ಗುಮಾಸ್ತ ಬರೆದುಕೊಂಡು, "ಪರವಾಗಿಲ್ವೇ, ಎಂಥಾ ಜ್ಞಾಪಕ!" ಎಂದ. ನನಗೆ ಖುಷಿಯಾಯಿತು. ಒಂದು ಕ್ಷಣ ನಿಜವಾಗಿಯೂ ಖುಷಿಯಾಯಿತು, ಅದನ್ನೂ ನಿನಗೆ ಹೇಳಬೇಕು. ಆಮೇಲೆ ಯಜಮಾನರ ಮುಖ ನೋಡಿದೆ. ಹೊರಗೆ ಬಂದ ಮೇಲೆ ಅವರು, "ಆ ಹೆಸರು ನಾನು ಬೇಕೂ ಅಂತಲೇ ಬಿಟ್ಟಿದ್ದೆ ಕಣೋ. ಅಂಜೂರ ಕೊಡಕ್ಕೆ ಬಂದಿದ್ದ ಮುದುಕ" ಎಂದರು. ಅವರು ಹೇಡಿ, ಆದರೆ ಅಷ್ಟು ಮನುಷ್ಯತ್ವ ಇಟ್ಟುಕೊಂಡಿದ್ದರು. ನಾನು ಅದನ್ನೂ ಕೆಡಿಸಿದೆ. ಮರುಗಿ ನನ್ನನ್ನು ಬಿಡುಗಡೆ ಮಾಡಲಿಲ್ಲ ಅವರು. ಏನನ್ನೂ ಬಿಡಲಾರದವನನ್ನು ಕಿವಿಯ ಹತ್ತಿರ ಇಟ್ಟುಕೊಳ್ಳಲು ಹೆದರಿ ಕಳಿಸಿದರು.

ಗಾಯವಿಲ್ಲದೆ ನಿನ್ನ ಎದುರು ಬರಲು ಧೈರ್ಯವಾಗಲಿಲ್ಲ. ನಮ್ಮ ಬೀದಿಯ ಅಗಸರ ಅಂಗಳದ ದೊಡ್ಡ ಬಾಗಿಲ ಸಂದಿಗೆ ಎಡಗೈ ಬೆರಳಿಟ್ಟು ಬಲಗೈಯಿಂದ ಬಾಗಿಲು ಎಳೆದುಕೊಂಡೆ. ನೀನು ಆ ಬೆರಳಿಗಾಗಿ ಅತ್ತೆ. ಅವರಿಗಾಗಿ ಅಳಲು ನಿನ್ನನ್ನು ಯಾರೂ ಬಿಡಲಿಲ್ಲ.

ನಿನ್ನ ಕಲ್ಲಿನ ಮೇಲೆ ನಿನ್ನ ಹೆಸರಿಗಿಂತ ಮೊದಲು, ಬಿಡುಗಡೆಯ ಜೊತೆ ನಿನಗೆ ಬಂದ ಅವರ ಮನೆತನದ ಹೆಸರಿದೆ. ಅದರ ಪಕ್ಕದಲ್ಲಿ ನಾನು ಮಲಗಲಾರೆ. ಆ ಇನ್ನೊಂದು ಗೂಡು ಅವರಿಗೆ ಕೊಡು. ಬೂದಿ ಇಲ್ಲದಿದ್ದರೂ ಹೆಸರು ಸಾಕು, ಒಂದು ಹಿಡಿ ನದಿಯ ಮರಳು ಹಾಕು, ಮೂರು ಸಲ ಕರೆ. ಬಂದೇ ಬರುತ್ತಾರೆ. ಇಲ್ಲಿಂದ ಅವರಿಗೆ ದಾರಿ ಬಿಡಬೇಕಾದವನು ನಾನು, ಅದಕ್ಕೆ ಹನ್ನೆರಡು ವರ್ಷದಲ್ಲಿ ಮೊದಲ ಸಲ, ನಾನಾಗಿಯೇ, ಹೇಳಬೇಕಾದ ಕ್ರಮದಲ್ಲೇ ಹೇಳುತ್ತಿದ್ದೇನೆ. ಕಲ್ಲುಕುಟಿಗನಿಗೆ ಓದಿ ಹೇಳು, ಒಂದಕ್ಷರವೂ ಬಿಡದ ಹಾಗೆ ನೋಡಿಕೋ.

ನುಮೇರಿಯಸ್ ಕಾರ್ವಿಲಿಯಸ್ ಪಾಂಸಾ. ಪಾಪಿರಿಯಾ ಪಂಗಡ. ಮೊಣಕಾಲು ನೋವು ಹೇಗಿದೆ ಕೇಳು.